ಠೇವಣಿ ಇಡಲು ಹೋಗಿ ಪಾಲಿಸಿ ಹಿಡಿದು ಬಂದಿರಾ?

ಬೆಂಗಳೂರು: ಅವಧಿ ಮುಗಿದ ನಿಶ್ಚಿತ ಠೇವಣಿಯನ್ನು ನವೀಕರಿಸಲೆಂದು ನಿವೃತ್ತ ನೌಕರರೊಬ್ಬರು ಬ್ಯಾಂಕಿಗೆ ಹೋಗುತ್ತಾರೆ. ಕೌಂಟರಿನಲ್ಲಿದ್ದವರು ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ತರಿಸುತ್ತಾರೆ. ‘ಸರ್, ಎಫ್‌ಡಿಗೆ ಬಡ್ಡಿ ಕಡಿಮೆ. ಇದೂ ಎಫ್‌ಡಿ ಇದ್ದ ಹಾಗೇ, ಲಾಭ ಮಾತ್ರ ಜಾಸ್ತಿ. ಇಲ್ಲಿ, ಇಲ್ಲಿ ಸಹಿ ಮಾಡಿ ಸಾಕು’ ಎನ್ನುತ್ತಾರೆ. ವರ್ಷ ಕಳೆದ ಮೇಲೆ ‘ಎರಡನೇ ಕಂತು ಬಾಕಿ ಇದೆ’ ಎಂಬ ಸಂದೇಶ ಮೊಬೈಲಿಗೆ ಬಂದಾಗಲೇ ತಾವು ಇಟ್ಟದ್ದು ಠೇವಣಿಯಲ್ಲ, ಕೊಂಡದ್ದು ಜೀವ ವಿಮಾ ಪಾಲಿಸಿ ಎಂಬ ಸತ್ಯ ಅವರಿಗೆ ಅರಿವಾಗುತ್ತದೆ.

ಇದು ಯಾವುದೋ ಒಂದು ಊರಿನ, ಒಂದು ಶಾಖೆಯ ಕತೆಯಲ್ಲ. ಲಾಕರ್ ಕೇಳಲು ಹೋದವರು, ಗೃಹಸಾಲಕ್ಕೆ ಅರ್ಜಿ ಹಾಕಿದವರು, ಕೊನೆಗೆ ಪಾಸ್‌ಬುಕ್ ತುಂಬಿಸಲು ಹೋದವರೂ ಇಂತಹ ಒತ್ತಡ ಎದುರಿಸುತ್ತಾರೆ. ‘ಬೇಡ’ ಎನ್ನುವ ಹಕ್ಕು ಗ್ರಾಹಕರಿಗಿದೆ. ಅರಿಯದೆ ಸಹಿ ಮಾಡಿದ್ದರೂ ಹಣ ಮರಳಿ ಪಡೆಯುವ ದಾರಿಯೂ ಇದೆ. ಆದರೆ ಆ ದಾರಿಗೆ ಕಾಲಮಿತಿ ಇದೆ ಎಂಬುದನ್ನು ಮರೆಯಬಾರದು.

ಮೇಜಿನ ಆಚೆ ಕುಳಿತವರು ಯಾರ ಪರ?

ಬ್ಯಾಂಕಿನವರ ಮಾತನ್ನು ನಂಬುವುದು ಕನ್ನಡಿಗರಿಗೆ ಹಳೆಯ ರೂಢಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕುಗಳು ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ಜನರ ಪುಡಿಗಾಸನ್ನು ಜನರದೇ ಖಾತೆಗೆ ಸೇರಿಸುತ್ತಿದ್ದರು.

ಇಂದು ಬ್ಯಾಂಕಿನ ಪಾತ್ರ ಅಷ್ಟಕ್ಕೇ ಸೀಮಿತವಲ್ಲ. ವಿಮಾ ಕಂಪನಿಗಳ ಕಾರ್ಪೊರೇಟ್ ಏಜೆಂಟ್ ಆಗಿಯೂ ಅದು ಕೆಲಸ ಮಾಡುತ್ತದೆ. ಜೀವ ವಿಮೆ, ಸಾಮಾನ್ಯ ವಿಮೆ, ಆರೋಗ್ಯ ವಿಮೆ ಹೀಗೆ ಪ್ರತಿ ವಿಭಾಗದಲ್ಲೂ ಮೂರು ಕಂಪನಿಗಳ ಪಾಲಿಸಿಗಳನ್ನಷ್ಟೇ ಮಾರಲು ಇದ್ದ ಅವಕಾಶವನ್ನು 2022ರಲ್ಲಿ ಒಂಬತ್ತಕ್ಕೆ ಏರಿಸಲಾಯಿತು. ಮಾರಿದ ಪ್ರತಿ ಪಾಲಿಸಿಗೂ ಬ್ಯಾಂಕಿಗೆ ಕಮಿಷನ್ ಸಿಗುತ್ತದೆ. ಈ ಕಮಿಷನ್‌ಗಾಗಿ ಶಾಖೆಗಳಿಗೆ ಗುರಿ ನಿಗದಿಯಾದಾಗ ಅದರ ಒತ್ತಡ ಸಿಬ್ಬಂದಿಯ ಮೂಲಕ ಗ್ರಾಹಕರ ಮೇಲೆ ಬೀಳುತ್ತದೆ. ಮೇಜಿನ ಆಚೆಗಿರುವವರು ಪರಿಚಿತರೇ ಇರಬಹುದು. ಆದರೆ ಆ ಗಳಿಗೆಯಲ್ಲಿ ಅವರು ಮಾರಾಟಗಾರರು.

ನಿಯಮ ಏನು ಹೇಳುತ್ತದೆ?

ಬ್ಯಾಂಕಿನ ಸೇವೆಗೂ ವಿಮೆಯ ಖರೀದಿಗೂ ನೇರವಾಗಲೀ ಪರೋಕ್ಷವಾಗಲೀ ಸಂಬಂಧ ಕಲ್ಪಿಸಬಾರದು, ವಿಮೆ ಕೊಳ್ಳುವುದು ಸಂಪೂರ್ಣವಾಗಿ ಗ್ರಾಹಕರ ಇಚ್ಛೆಗೆ ಬಿಟ್ಟದ್ದು ಎಂದು ರಿಸರ್ವ್ ಬ್ಯಾಂಕ್ 2015ರ ಮಾರ್ಗಸೂಚಿಯಲ್ಲೇ ಸ್ಪಷ್ಟಪಡಿಸಿದೆ. ವಿಮಾ ಕಂಪನಿಯು ಬ್ಯಾಂಕ್ ಸಿಬ್ಬಂದಿಗೆ ನಗದು ಅಥವಾ ಉಡುಗೊರೆಯ ರೂಪದ ಪ್ರೋತ್ಸಾಹಧನ ನೀಡುವಂತಿಲ್ಲ ಎಂದೂ ಅದರಲ್ಲಿ ಹೇಳಲಾಗಿದೆ.

ಲಾಕರ್: ‘ಪಾಲಿಸಿ ಮಾಡಿಸಿದರೆ ಲಾಕರ್’, ‘ಐದು ಲಕ್ಷ ಠೇವಣಿ ಇಟ್ಟರೆ ಲಾಕರ್’ ಎಂಬ ಮಾತು ನಿಯಮಕ್ಕೆ ವಿರುದ್ಧ. 2022ರ ಜನವರಿ 1ರಿಂದ ಜಾರಿಗೆ ಬಂದ ಲಾಕರ್ ನಿಯಮಗಳ ಪ್ರಕಾರ, ಬ್ಯಾಂಕ್ ಭದ್ರತೆಗಾಗಿ ಕೇಳಬಹುದಾದ ಠೇವಣಿ ಮೂರು ವರ್ಷದ ಬಾಡಿಗೆ ಮತ್ತು ಅಗತ್ಯ ಬಿದ್ದರೆ ಲಾಕರ್ ಒಡೆಯುವ ವೆಚ್ಚದಷ್ಟು ಮಾತ್ರ. ಲಾಕರ್ ಖಾಲಿ ಇಲ್ಲದಿದ್ದರೆ ಅರ್ಜಿಗೆ ಸ್ವೀಕೃತಿ ಕೊಟ್ಟು ಕಾಯುವವರ ಪಟ್ಟಿಯ ಸಂಖ್ಯೆಯನ್ನೂ ನೀಡಬೇಕು.

ಗೃಹಸಾಲ: ಸಾಲದ ಜೊತೆಗೆ ಜೀವ ವಿಮೆ ಮಾಡಿಸಲೇಬೇಕೆಂಬ ಕಾನೂನಿಲ್ಲ. ಕುಟುಂಬದ ದುಡಿಯುವವರ ಮೇಲೆ ಸಾಲದ ಹೊರೆ ಇರುವಾಗ ವಿಮೆ ಇರುವುದು ಒಳ್ಳೆಯದೇ. ಆದರೆ ಯಾವ ಕಂಪನಿಯದ್ದು, ಎಷ್ಟಕ್ಕೆ ಎಂಬುದನ್ನು ನಿರ್ಧರಿಸಬೇಕಾದವರು ಸಾಲಗಾರರು. ಒಂದೇ ಕಂತಿನ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೆ ಸೇರಿಸುವ ಪದ್ಧತಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಶೇಕಡ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ 1 ಲಕ್ಷ ರೂಪಾಯಿ ಪ್ರೀಮಿಯಂ ಸೇರಿಸಿದರೆ ತಿಂಗಳ ಕಂತು ಸುಮಾರು 868 ರೂಪಾಯಿ ಹೆಚ್ಚುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಆ ಒಂದು ಲಕ್ಷಕ್ಕೆ 2.08 ಲಕ್ಷ ರೂಪಾಯಿ ತೆತ್ತಂತಾಗುತ್ತದೆ.

ಕ್ರೆಡಿಟ್ ಕಾರ್ಡ್: ಕೇಳದ ಕಾರ್ಡನ್ನು ಕಳುಹಿಸುವಂತಿಲ್ಲ. ಕಳುಹಿಸಿ ಶುಲ್ಕ ವಿಧಿಸಿದರೆ ಆ ಶುಲ್ಕವನ್ನು ರದ್ದುಪಡಿಸುವುದರ ಜೊತೆಗೆ ಅದರ ಎರಡು ಪಟ್ಟು ದಂಡವನ್ನು ಗ್ರಾಹಕರಿಗೆ ಕೊಡಬೇಕೆಂದು 2022ರ ನಿರ್ದೇಶನ ಹೇಳುತ್ತದೆ. ಕಾರ್ಡ್ ಮಾರುವ ಏಜೆಂಟರು ಬೆಳಿಗ್ಗೆ 10ರಿಂದ ಸಂಜೆ 7ರ ನಡುವೆ ಮಾತ್ರ ಕರೆ ಮಾಡಬೇಕು. ಮಾರಾಟದ ಕರೆಗಳೇ ಬೇಡವೆಂದರೆ 1909ಕ್ಕೆ ಕರೆ ಮಾಡಿ ನೋಂದಾಯಿಸಿಕೊಳ್ಳಬಹುದು.

ಸಣ್ಣ ಕಡಿತಗಳು: ಖಾತೆಯಿಂದ 436 ಅಥವಾ 20 ರೂಪಾಯಿ ಕಡಿತವಾಗಿದೆಯೇ ಎಂದು ಪಾಸ್‌ಬುಕ್ ನೋಡಿ. ಇವು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮಾ ಯೋಜನೆಗಳ ವಾರ್ಷಿಕ ಕಂತುಗಳು. ಯೋಜನೆಗಳು ಉಪಯುಕ್ತವೇ ಆದರೂ ಒಪ್ಪಿಗೆ ಇಲ್ಲದೆ ಯಾರನ್ನೂ ಸೇರಿಸುವಂತಿಲ್ಲ.

ಮೂವತ್ತು ದಿನಗಳ ಅವಕಾಶ

ಪಾಲಿಸಿ ಈಗಾಗಲೇ ಕೈಗೆ ಬಂದಿದ್ದರೆ ಗಾಬರಿಯಾಗಬೇಕಿಲ್ಲ. ಪಾಲಿಸಿ ಪತ್ರ ತಲುಪಿದ ದಿನದಿಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ. ಇದಕ್ಕೆ ‘ಫ್ರೀ ಲುಕ್’ ಅವಧಿ ಎನ್ನುತ್ತಾರೆ. ಸಾಮಾನ್ಯವಾಗಿ 15 ದಿನಗಳಷ್ಟೇ ಇದ್ದ ಈ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 30 ದಿನಗಳೆಂದು ನಿಗದಿ ಮಾಡಿತು. ವೈದ್ಯಕೀಯ ಪರೀಕ್ಷೆ, ಸ್ಟ್ಯಾಂಪ್ ಶುಲ್ಕ ಮತ್ತು ಅಷ್ಟು ದಿನದ ವಿಮಾ ರಕ್ಷಣೆಯ ವೆಚ್ಚ ಕಳೆದು ಉಳಿದ ಹಣ ಮರಳುತ್ತದೆ. ಯುಲಿಪ್ ಆಗಿದ್ದರೆ ಯೂನಿಟ್‌ಗಳ ಅಂದಿನ ಮೌಲ್ಯವೂ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಪಾಲಿಸಿ ಇ-ಮೇಲ್ ಮೂಲಕ ಬಂದರೂ ದಿನದ ಲೆಕ್ಕ ಆರಂಭವಾಗುತ್ತದೆ. ಹಾಗಾಗಿ ಅರ್ಜಿಯಲ್ಲಿ ಯಾರ ಇ-ಮೇಲ್, ಯಾರ ಮೊಬೈಲ್ ಸಂಖ್ಯೆ ಬರೆದಿದ್ದಾರೆ ಎಂದು ನೋಡಿಕೊಳ್ಳಬೇಕು. ಎರಡನೆಯದಾಗಿ, ರದ್ದತಿಯ ಪತ್ರವನ್ನು ನೇರವಾಗಿ ವಿಮಾ ಕಂಪನಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ‘ನಾವೇ ನೋಡಿಕೊಳ್ಳುತ್ತೇವೆ, ಮುಂದಿನ ವಾರ ಬನ್ನಿ’ ಎಂಬ ಶಾಖೆಯ ಭರವಸೆಯನ್ನು ನಂಬಿ ಕುಳಿತರೆ ಮೂವತ್ತು ದಿನ ಕಳೆದುಹೋಗುತ್ತದೆ.

ಪಾಲಿಸಿ ಕೊಡುವ ಮುನ್ನ ಕಂಪನಿಯಿಂದ ಬರುವ ಪರಿಶೀಲನಾ ಕರೆಗೆ ‘ಎಲ್ಲಕ್ಕೂ ಹೌದು ಎನ್ನಿ’ ಎಂದು ಯಾರಾದರೂ ಹೇಳಿಕೊಟ್ಟರೆ ಅಲ್ಲಿಯೇ ಅನುಮಾನಿಸಬೇಕು. ಮುಂದೆ ದೂರು ಕೊಟ್ಟಾಗ ಆ ಧ್ವನಿಮುದ್ರಣವೇ ಗ್ರಾಹಕರ ವಿರುದ್ಧ ಸಾಕ್ಷಿಯಾಗಬಹುದು.

ದೂರು ಎಲ್ಲಿ?

ಮೊದಲ ದೂರು ಬ್ಯಾಂಕಿಗೇ, ಲಿಖಿತವಾಗಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಬ್ಯಾಂಕುಗಳು ವಿಮೆ, ಮ್ಯೂಚುವಲ್ ಫಂಡ್ ಮುಂತಾದವನ್ನು ತಪ್ಪು ಮಾಹಿತಿ ನೀಡಿ ಮಾರಿದರೆ ಅದೂ ದೂರಿಗೆ ಆಧಾರವೆಂದು 2017ರಲ್ಲೇ ಸೇರಿಸಲಾಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448.

ವಿಮಾ ಕಂಪನಿಯ ವಿರುದ್ಧದ ದೂರನ್ನು ಮೊದಲು ಕಂಪನಿಗೆ, ನಂತರ ವಿಮಾ ಒಂಬುಡ್ಸ್‌ಮನ್‌ಗೆ ಸಲ್ಲಿಸಬೇಕು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಪ್ರಾಧಿಕಾರದ ಸಹಾಯವಾಣಿ 155255.

ಸಹಿಗೆ ಮುನ್ನ ನಾಲ್ಕು ಪ್ರಶ್ನೆ

ಇದು ಬ್ಯಾಂಕಿನ ಠೇವಣಿಯೇ, ವಿಮೆಯೇ? ಒಂದೇ ಸಲ ಕಟ್ಟಬೇಕೇ, ಪ್ರತಿ ವರ್ಷವೇ? ನಡುವೆ ಹಣ ಬೇಕಾದರೆ ಎಷ್ಟು ಕೈಗೆ ಬರುತ್ತದೆ? ಖಚಿತ ಲಾಭ ಎಷ್ಟೆಂದು ಬರೆದುಕೊಡುತ್ತೀರಾ? ಈ ನಾಲ್ಕಕ್ಕೂ ಉತ್ತರವನ್ನು ಕಾಗದದಲ್ಲಿ ಕೇಳಿ. ಖಾಲಿ ಅರ್ಜಿಗೆ ಸಹಿ ಮಾಡಬೇಡಿ, ಒಟಿಪಿ ಹೇಳಬೇಡಿ. ‘ಮನೆಯಲ್ಲಿ ಕೇಳಿ ನಾಳೆ ಬರುತ್ತೇನೆ’ ಎಂದು ಎದ್ದು ಬರಲು ಸಂಕೋಚವೂ ಬೇಡ.

ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದು ಅವರ ಠೇವಣಿ ಅವಧಿ ಮುಗಿಯುವುದಿದ್ದರೆ, ಆ ದಿನ ಅವರ ಜೊತೆ ಒಬ್ಬರು ಬ್ಯಾಂಕಿಗೆ ಹೋಗುವುದು ಒಳಿತು. ಜೀವಮಾನದ ಉಳಿತಾಯ ಎಲ್ಲಿ ಇರಬೇಕೆಂಬುದನ್ನು ಅದನ್ನು ದುಡಿದವರೇ ನಿರ್ಧರಿಸಬೇಕು.