ಗೋಡೆ ಮುಚ್ಚೋ ಮುಂಚೆ ಪ್ಲಂಬರ್ ಯಾರು ನೋಡಿ

ನಲ್ಲಿ ಸೋರಿದರೆ ಮನೆಮಂದಿಗೆಲ್ಲ ಕಾಣುತ್ತದೆ. ಗೋಡೆಯೊಳಗೆ ಪೈಪು ಸೋರಿದರೆ ಯಾರಿಗೂ ಕಾಣದು. ಬಣ್ಣ ಉಬ್ಬಿ, ಗಾರೆ ಉದುರಿ, ಬೀರುವಿನ ಹಿಂದೆ ಬೂಷ್ಟು ಹಿಡಿದ ಮೇಲೆ ಗೊತ್ತಾಗುವುದು. ಅಷ್ಟು ಹೊತ್ತಿಗೆ ಕೆಲಸ ಮಾಡಿ ಹೋದ ಪುಣ್ಯಾತ್ಮನ ಫೋನು ಸ್ವಿಚ್ ಆಫ್ ಆಗಿರುತ್ತದೆ. ಮತ್ತೆ ಟೈಲ್ಸ್ ಒಡೆಸಬೇಕು, ಮತ್ತೆ ಗಾರೆ, ಮತ್ತೆ ಬಣ್ಣ. ಪ್ಲಂಬರ್ ಕೂಲಿಯಲ್ಲಿ ಉಳಿಸಿದ್ದರ ಹತ್ತರಷ್ಟು ಆಗ ಕೈಬಿಡುತ್ತದೆ.

ಒಂದು ಪೈಪ್ ರೆಂಚು, ಒಂದು ಹ್ಯಾಕ್ಸಾ, ಒಂದು ಸುರುಳಿ ಟೇಪು ಕೈಲಿದ್ದವನೆಲ್ಲ ಪ್ಲಂಬರೇ ಎನ್ನುವ ಕಾಲ ಇದು. ಐ.ಟಿ.ಐ.ಗಳಲ್ಲಿ ಪ್ಲಂಬರ್ ಕಸುಬಿಗೆಂದೇ ಒಂದು ವರ್ಷದ ತರಬೇತಿ ಇದೆ. ಆ ಸರ್ಟಿಫಿಕೇಟು ಇದ್ದರೆ ಒಳ್ಳೆಯದೇ. ಆದರೆ ಅಪ್ಪನ ಹಿಂದೆ ತಿರುಗಿ ಕಲಿತು, ಕಣ್ಣುಮುಚ್ಚಿ ಚೂಡಿ ಕೊರೆಯುವ ಹಳೇ ಮೇಸ್ತ್ರಿಗಳೂ ಇದ್ದಾರೆ. ಕಾಗದ ಇಲ್ಲವೆಂದು ಅವರನ್ನು ತಳ್ಳಿಹಾಕುವುದು ದಡ್ಡತನ. ಒಂದು ಕೆಲಸಕ್ಕೆ ಮಾತ್ರ ಕಾಗದ ಬೇಕೇಬೇಕು. ರಸ್ತೆ ಅಗೆದು ಮೇನ್ ಪೈಪಿಗೆ ಕೈಹಾಕುವುದಾದರೆ ಲೈಸೆನ್ಸ್ ಪಡೆದ ಪ್ಲಂಬರೇ ಆಗಬೇಕು. ಮೈಸೂರಿನವರಾದರೆ ವಾಣಿವಿಲಾಸ ನೀರು ಸರಬರಾಜು ಕಚೇರಿಯಲ್ಲಿ, ಬೇರೆ ಊರಿನವರಾದರೆ ತಮ್ಮ ನಗರಸಭೆಯಲ್ಲಿ, ಆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಒಂದು ಮಾತು ಕೇಳಿ ಬರಬಹುದು.

ಇನ್ನು ಮನೆಯೊಳಗಿನ ಕೆಲಸ. ಇಲ್ಲಿ ಪ್ಲಂಬರನ ಯೋಗ್ಯತೆ ತಿಳಿಯಲು ಒಂದೇ ಪ್ರಶ್ನೆ ಸಾಕು: "ಗಾರೆ ಹಾಕೋ ಮುಂಚೆ ಪ್ರೆಷರ್ ಟೆಸ್ಟ್ ಮಾಡ್ತೀರಾ?"

"ಅದೆಲ್ಲ ಯಾಕ್ ಸಾರ್, ಟ್ಯಾಂಕ್ ನೀರು ಬಿಟ್ಟು ನೋಡಿದ್ರೆ ಆಯ್ತಲ್ಲ" ಎಂದರೆ ಆತನನ್ನು ಕಾಫಿ ಕೊಟ್ಟು ಕಳಿಸಬಹುದು. ಮನೆ ಮೇಲಿನ ಟ್ಯಾಂಕಿನ ನೀರಿನ ಒತ್ತಡ ತೀರಾ ಕಡಿಮೆ. ಅರೆಬರೆ ಕೂತ ಜಾಯಿಂಟೂ ಆ ಒತ್ತಡಕ್ಕೆ ಒಂದೆರಡು ತಿಂಗಳು ತಡೆದುಕೊಳ್ಳುತ್ತದೆ. ಕಸುಬುದಾರ ಏನು ಮಾಡುತ್ತಾನೆಂದರೆ, ಎಲ್ಲ ಬಾಯಿಗೂ ಡಮ್ಮಿ ಹಾಕಿ, ಪೈಪಿನೊಳಗೆ ಗಾಳಿ ಉಳಿಯದಂತೆ ನೀರು ತುಂಬಿ, ಕೈಯಿಂದ ಒತ್ತುವ ಟೆಸ್ಟ್ ಪಂಪು ಜೋಡಿಸುತ್ತಾನೆ. ಮಾಮೂಲು ಒತ್ತಡಕ್ಕಿಂತ ಒಂದೂವರೆ ಪಟ್ಟು ಏರಿಸಿ, ಗೇಜಿನ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ಎಂದು ಕಾಯುತ್ತಾನೆ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ. ಅದೂ ಅಂಟಿಸಿದ ಗಳಿಗೆಯಲ್ಲೇ ಅಲ್ಲ. ಸೊಲ್ಯೂಷನ್ ಗಟ್ಟಿಯಾಗಲು ಒಂದು ದಿನ ಬಿಡಬೇಕು. ಸಂಜೆಯೊಳಗೆ ಗಾರೆ ಮುಗಿಸುವ ಅವಸರದವರಿಗೆ ಇದು ಹಿಡಿಸುವುದಿಲ್ಲ.

ಸೊಲ್ಯೂಷನ್‌ನಲ್ಲೂ ಆಟ ಇದೆ. ಬಿಳಿ ಯು.ಪಿ.ವಿ.ಸಿ. ಪೈಪಿನ ಅಂಟೇ ಬೇರೆ, ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿ.ಪಿ.ವಿ.ಸಿ. ಅಂಟೇ ಬೇರೆ. ಒಂದೇ ಡಬ್ಬಿಯಲ್ಲಿ ಎರಡನ್ನೂ ಮುಗಿಸುವವನ ಕೆಲಸ ಹೆಚ್ಚು ದಿನ ಬಾಳದು. ಗೀಸರಿನ ಬಿಸಿನೀರಿಗೆ ಬಿಳಿ ಪೈಪು ಹಾಕಿದರಂತೂ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಪೈಪಿನ ಮೇಲೆ ಐ.ಎಸ್.ಐ. ಮುದ್ರೆ ಇದೆಯೇ ನೋಡಬೇಕು. ಬಿಳಿ ಪೈಪಿಗೆ ಐ.ಎಸ್. 4985, ಸಿ.ಪಿ.ವಿ.ಸಿ.ಗೆ 15778, ಕಬ್ಬಿಣದ ಜಿ.ಐ. ಪೈಪಿಗೆ 1239. ಮುದ್ರೆಯ ಜತೆಗಿರುವ ಲೈಸೆನ್ಸ್ ನಂಬರನ್ನು ಮೊಬೈಲಿನ ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತದೆ.

ಗೋಡೆ ಹಾಳಾದರೆ ದುಡ್ಡಿನಲ್ಲಿ ಹೋಗುತ್ತದೆ. ಜೀವಕ್ಕೆ ಕುತ್ತು ತರುವ ಕೆಲಸಗಳೂ ಇವೆ. ಕುಡಿಯುವ ನೀರಿನ ಪೈಪನ್ನೂ ಕಕ್ಕಸಿನ ಪೈಪನ್ನೂ ಒಂದೇ ಚರಂಡಿಯಲ್ಲಿ ಮಲಗಿಸುವವರಿದ್ದಾರೆ, "ಅಗೆಯೋ ಖರ್ಚು ಉಳೀತಲ್ಲ" ಅಂತ. ಎರಡೂ ಒಂದಿಷ್ಟು ಸೋರಿದರೆ ಮುಗಿಯಿತು. ನಲ್ಲಿ ನಿಂತಿರುವ ಹೊತ್ತಿನಲ್ಲಿ ಕೊಳಕು ಒಳಗೆ ನುಗ್ಗುತ್ತದೆ. ಆಮೇಲೆ ಕಾಮಾಲೆ, ಟೈಫಾಯಿಡ್, ವಾಂತಿಭೇದಿ. ನಲ್ಲಿಯ ಮೇನ್ ಲೈನಿಗೆ ನೇರವಾಗಿ ಮೋಟಾರು ಕೂಡಿಸಿ ಎಳೆಯುವುದೂ ಅಷ್ಟೇ ಕೆಟ್ಟದ್ದು. ಕಾನೂನಿನ ಮಾತು ಹಾಗಿರಲಿ, ಆ ಸೆಳೆತಕ್ಕೆ ಬೀದಿಯ ಬಿರುಕು ಪೈಪಿನ ಗಲೀಜೆಲ್ಲ ಅಕ್ಕಪಕ್ಕದ ಮನೆಗಳಿಗೂ ಬರುತ್ತದೆ. "ಯಾರಿಗೂ ಗೊತ್ತಾಗದ ಹಾಗೆ ಮಾಡ್ಕೊಡ್ತೀನಿ ಬಿಡಿ ಸಾರ್" ಎನ್ನುವವನು ಮನೆಯವರಿಗೂ ಗೊತ್ತಾಗದ ಹಾಗೆ ಏನೇನು ಮಾಡಿ ಹೋಗುತ್ತಾನೋ!

ಗೀಸರಿನ ಸೇಫ್ಟಿ ವಾಲ್ವು ನೀರು ಕಾಯುವಾಗ ಒಂದಿಷ್ಟು ತೊಟ್ಟಿಕ್ಕುವುದು ಅದರ ಸ್ವಭಾವ. ಬಚ್ಚಲು ಒದ್ದೆ ಆಗುತ್ತದೆಂದು ಅದಕ್ಕೆ ಡಮ್ಮಿ ಹೊಡೆಯುವವರುಂಟು. ಥರ್ಮೋಸ್ಟಾಟ್ ಕೈಕೊಟ್ಟ ದಿನ ಒತ್ತಡಕ್ಕೆ ದಾರಿಯಿಲ್ಲದೆ ಆ ಗೀಸರು ಸಿಡಿಯುತ್ತದೆ. ಅಂಥವನನ್ನು ಆ ಕ್ಷಣವೇ ಹೊರಗೆ ಕಳಿಸಬೇಕು.

ಒಳ್ಳೆಯವನನ್ನು ಹುಡುಕುವುದು ಎಲ್ಲಿ? ಹಾರ್ಡ್‌ವೇರ್ ಅಂಗಡಿಯವರನ್ನು ಕೇಳುವುದು ರೂಢಿ. ಕೆಲವು ಕಡೆ ಸಾಮಾನಿನ ಮೇಲೆ ಕಮಿಷನ್ ನಡೆಯುತ್ತದೆಂಬುದು ಅಂಗಡಿ ಬೀದಿಗೆ ಗುಟ್ಟೇನಲ್ಲ. ಹಾಗಾಗಿ "ಒಳ್ಳೆ ಪ್ಲಂಬರ್ ಯಾರು" ಅನ್ನುವುದಕ್ಕಿಂತ "ಮಿಕ್ಕ ಎಲ್ಬೋ, ಟೀ ಯಾರು ವಾಪಸ್ ತರ್ತಾರೆ" ಎಂದು ಕೇಳುವುದು ಮೇಲು. ಎರಡು ಮಳೆಗಾಲ ಕಳೆದ ಮನೆಯಲ್ಲಿ ಆತ ಮಾಡಿದ ಕೆಲಸ ನೋಡಿ ಬರುವುದು ಇನ್ನೂ ಮೇಲು. ಹೊಸ ಮನೆಯ ಕೆಲಸ ಮೊದಲ ದಿನ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ಇತ್ತ ಮನೆಯವರದ್ದೂ ತಪ್ಪಿಲ್ಲ ಎಂದಲ್ಲ. ಮಿಠಾಯಿ ಅಂಗಡಿಯಲ್ಲಿ ಚೌಕಾಸಿ ಮಾಡದವರು ಪ್ಲಂಬರ್ ಕೂಲಿಗೆ ಅರ್ಧ ಗಂಟೆ ಜಗಳ ಆಡುತ್ತಾರೆ. ದರ ಕಿತ್ತುಕೊಂಡರೆ ಆತ ಬಿಡುವುದು ಟೆಸ್ಟನ್ನೇ. ಪಾಯಿಂಟ್ ಲೆಕ್ಕವೋ ದಿನಗೂಲಿಯೋ ಮೊದಲೇ ಬರೆದುಕೊಂಡು, ಒಂದು ಪಾಲು ಹಣವನ್ನು ಟೆಸ್ಟ್ ಆದ ಮೇಲೆ ಕೊಡುವುದೆಂದು ಒಪ್ಪಿಸಿಕೊಂಡರೆ ಇಬ್ಬರಿಗೂ ಕ್ಷೇಮ. ರಸೀದಿ ಕೇಳುವುದಕ್ಕೆ ಸಂಕೋಚ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದುಡ್ಡು ಕೊಟ್ಟು ಪಡೆದ ಸೇವೆ ಕೆಟ್ಟರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಕಾಗದ ಇಲ್ಲದಿದ್ದರೆ ಅಲ್ಲಿ ವಾದ ಕಷ್ಟ.

ಇಷ್ಟೆಲ್ಲ ಆಗಿ ಗಾರೆಯವನು ಕರಣೆ ಹಿಡಿದು ನಿಂತಾಗ ಇನ್ನೊಂದು ಕೆಲಸ ಬಾಕಿ ಇರುತ್ತದೆ. ತೆರೆದ ಗೋಡೆಗೆ ಅಳತೆ ಟೇಪು ಹಿಡಿದು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಬೇಕು. ಮುಂದೆ ಮೊಳೆ ಹೊಡೆಯುವವನು ಪೈಪಿಗೇ ಹೊಡೆಯಬಾರದಲ್ಲ.