ಕೆಡೆಟ್ಟಿನ ಹೆಜ್ಜೆಯೂ ದಿಕ್ಸೂಚಿಯ ಮುಳ್ಳೂ

ಬೀದರ, ಭಾಲ್ಕಿ, ಔರಾದ: ಭೂಪಟದಲ್ಲಿ ಈ ಮೂರು ಊರುಗಳನ್ನು ಗೆರೆಯೆಳೆದು ಕೂಡಿಸಿದರೆ ಮೂರು ಭುಜಗಳೂ ಹೆಚ್ಚು ಕಡಿಮೆ ಸಮವಾಗಿರುವ ತ್ರಿಕೋನವೊಂದು ದೊರೆಯುತ್ತದೆ. ಭಾಲ್ಕಿಯಿಂದ ಔರಾದಕ್ಕೆ ಹಕ್ಕಿ ಹಾರುವ ದಾರಿ ಸುಮಾರು 33 ಕಿಲೋಮೀಟರು. ದಿಕ್ಕು ಬಹುಮಟ್ಟಿಗೆ ನೇರ ಈಶಾನ್ಯ. ಬಸ್ಸಿನಲ್ಲಿ ಕುಳಿತವನಿಗೆ ಈ ಲೆಕ್ಕವಾವುದೂ ಬೇಕಿಲ್ಲ. ಆದರೆ ಕತ್ತಲಲ್ಲಿ, ರಸ್ತೆಯನ್ನು ಬಿಟ್ಟು, ಭೂಪಟ ದಿಕ್ಸೂಚಿಗಳನ್ನು ಮಾತ್ರ ನಂಬಿಕೊಂಡು ಹತ್ತು ಮಂದಿಯನ್ನು ನಡೆಸಿಕೊಂಡು ಹೋಗಬೇಕಾದವನಿಗೆ ಅವರ ಪ್ರಾಣವೇ ಈ ಲೆಕ್ಕದ ಮೇಲೆ ನಿಂತಿರುತ್ತದೆ. ಎನ್.ಸಿ.ಸಿ.ಯ ಕೆಡೆಟ್ಟುಗಳಿಗೆ ಭೂಪಟವಾಚನವನ್ನು ಕಲಿಸುವುದು ಈ ಕಾರಣದಿಂದಲೇ.

ಕಾಲೇಜು ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣವನ್ನು ಕೊಡುವ ಪದ್ಧತಿಯು ನಮ್ಮ ದೇಶದಲ್ಲಿ 1917ರಷ್ಟು ಹಳೆಯದು. ಅಂದಿನ ಯೂನಿವರ್ಸಿಟಿ ಕೋರ್ 1920ರಲ್ಲಿ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆಯಿತು. 1942ರಲ್ಲಿ ಆ ಹೆಸರಿಗೆ 'ಆಫೀಸರ್ಸ್' ಎಂಬ ಮಾತು ಸೇರಿತು. 1946ರಲ್ಲಿ ನೇಮಕವಾದ ಹೃದಯನಾಥ ಕುಂಜ್ರು ಅವರ ಸಮಿತಿಯ ಸಲಹೆಯಂತೆ 1948ರ ಏಪ್ರಿಲಿನಲ್ಲಿ ನ್ಯಾಷನಲ್ ಕೆಡೆಟ್ ಕೋರಿನ ಶಾಸನವು ಹೊರಬಂದಿತು. ಆಗ ಬೀದರ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತೆಂಬುದು ನೆನಪಿಡತಕ್ಕ ಸಂಗತಿ. ಸೈನ್ಯವು ಹೈದರಾಬಾದನ್ನು ಪ್ರವೇಶಿಸಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಚೀನಾದೊಡನೆ ನಡೆದ ಯುದ್ಧದ ಮರುವರ್ಷ, 1963ರಲ್ಲಿ, ಈ ಶಿಕ್ಷಣವನ್ನು ಕಾಲೇಜುಗಳಲ್ಲಿ ಕಡ್ಡಾಯ ಮಾಡಿದರು. 1968ರಿಂದ ಅದು ಮತ್ತೆ ಇಚ್ಛೆಗೆ ಬಿಟ್ಟದ್ದಾಯಿತು.

ಇರಲಿ, ನಮ್ಮ ತ್ರಿಕೋನಕ್ಕೆ ಹಿಂದಿರುಗೋಣ. ಉತ್ತರದಿಂದ ಗಡಿಯಾರದ ಮುಳ್ಳು ತಿರುಗುವಂತೆ ಅಳೆದ ಕೋನಕ್ಕೆ 'ಬೇರಿಂಗ್' ಎನ್ನುತ್ತಾರೆ. ಈಶಾನ್ಯವೆಂದರೆ 45 ಡಿಗ್ರಿ. ಭಾಲ್ಕಿಯಲ್ಲಿ ಹೊರಟವನು 45ಕ್ಕೆ ಬದಲಾಗಿ 46 ಡಿಗ್ರಿಯನ್ನು ಹಿಡಿದು ನೇರವಾಗಿ ನಡೆದನೆನ್ನಿ. ಔರಾದದ ಬಳಿಗೆ ಬರುವ ಹೊತ್ತಿಗೆ ಅವನು ಸುಮಾರು 575 ಮೀಟರು ಪಕ್ಕಕ್ಕೆ ಸರಿದಿರುತ್ತಾನೆ. ಹಗಲಾದರೆ ಊರು ಕಣ್ಣಿಗೆ ಬಿದ್ದೀತು. ರಾತ್ರಿಯಾದರೆ, ಹುಡುಕಬೇಕಾದದ್ದು ಊರಲ್ಲದೆ ಒಂದು ಬಾವಿಯೋ ಸೇತುವೆಯೋ ಆದರೆ, ಅದು ಸಿಕ್ಕುವ ಭರವಸೆಯಿಲ್ಲ.

ಈ ಒಂದು ಡಿಗ್ರಿ ತಪ್ಪುವುದು ಹೇಗೆ? ಮೊದಲನೆಯದಾಗಿ, ಅಯಸ್ಕಾಂತದ ಮುಳ್ಳು ತೋರಿಸುವ ಉತ್ತರವೂ ಭೂಮಿಯ ಧ್ರುವವಿರುವ ನಿಜವಾದ ಉತ್ತರವೂ ಒಂದೇ ಅಲ್ಲ. ಭೂಪಟದ ಚೌಕಗಳ ಗೆರೆಗಳದ್ದು ಮೂರನೆಯ ಉತ್ತರ. ನಮ್ಮ ಸೀಮೆಯಲ್ಲಿ ಮುಳ್ಳಿನ ಈ ವಾಲಿಕೆ ಅತ್ಯಲ್ಪ, ಎರಡು ಡಿಗ್ರಿಗಿಂತಲೂ ಕಡಿಮೆ. ಎರಡನೆಯ ಶತ್ರು ಕಬ್ಬಿಣ. ಹೆಗಲ ಮೇಲಿನ ರೈಫಲು, ಹೊಲದ ತಂತಿಬೇಲಿ, ನಿಂತ ಲಾರಿ ಇವೆಲ್ಲವೂ ಮುಳ್ಳನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಇಲ್ಲಿ ಬೀದರದ ನೆಲವೂ ಮಾತನಾಡುತ್ತದೆ. ನಗರವು ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ; ಅದರಡಿಯಲ್ಲಿರುವುದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾದ ಬಸಾಲ್ಟ್ ಶಿಲೆ. ಬಸಾಲ್ಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜವು ಸೂಕ್ಷ್ಮ ಕಣಗಳಾಗಿ ಬೆರೆತಿದೆ. ಲಾವಾ ತಣ್ಣಗಾದಾಗ ಈ ಕಣಗಳು ಅಂದಿನ ಭೂಕಾಂತದ ದಿಕ್ಕನ್ನು ತಮ್ಮಲ್ಲಿ ಉಳಿಸಿಕೊಂಡವು. ದಖ್ಖನಿನ ಬಸಾಲ್ಟಿನ ಬಹುಭಾಗವು ತಣಿದ ಕಾಲದಲ್ಲಿ ಭೂಮಿಯ ಕಾಂತಕ್ಷೇತ್ರವೇ ತಿರುವುಮುರುವಾಗಿತ್ತು. ಅಂದು ದಿಕ್ಸೂಚಿಯಿದ್ದಿದ್ದರೆ ಅದರ 'ಉತ್ತರ'ದ ತುದಿ ದಕ್ಷಿಣವನ್ನು ತೋರುತ್ತಿತ್ತು! ಆದುದರಿಂದ ದಿಕ್ಸೂಚಿಯನ್ನು ಬರಿಯ ಕಪ್ಪು ಬಂಡೆಯ ಮೇಲಿಟ್ಟು ಓದಬಾರದು. ಕೈಯಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ಓದುವುದೇ ಕ್ಷೇಮ.

ದಿಕ್ಕು ಸಿಕ್ಕಿತು, ದೂರವನ್ನು ಅಳೆಯುವುದೆಂತು? ಕಾಲಿನಿಂದಲೇ. ಕವಾಯತಿನ ಹೆಜ್ಜೆ 30 ಅಂಗುಲ, ಎಂದರೆ 76 ಸೆಂಟಿಮೀಟರು. 100 ಮೀಟರಿಗೆ ಸುಮಾರು 131 ಹೆಜ್ಜೆ. ಬೀದರದ ಗಟ್ಟಿ ಕೆಂಪು ನೆಲದಲ್ಲಿ ಈ ಲೆಕ್ಕ ನಡೆಯುತ್ತದೆ. ಆದರೆ ಭಾಲ್ಕಿ, ಔರಾದಗಳ ಎರೆಭೂಮಿಗೆ ಮಳೆಗಾಲದಲ್ಲಿ ಇಳಿದು ನೋಡಿ! ಬೂಟಿಗೆ ಹತ್ತಿದ ಮಣ್ಣು ಸೇರು ತೂಗುತ್ತದೆ, ಹೆಜ್ಜೆ 65 ಸೆಂಟಿಮೀಟರಿಗೆ ಕುಗ್ಗುತ್ತದೆ. ಅದನ್ನು ಗಮನಿಸದೆ ಹಳೆಯ ಲೆಕ್ಕದಲ್ಲೇ ಎಣಿಸಿದವನು, 4 ಕಿಲೋಮೀಟರು ಬಂದೆನೆಂದು ನಿಂತಾಗ, ವಾಸ್ತವವಾಗಿ ಸುಮಾರು 600 ಮೀಟರು ಹಿಂದಿರುತ್ತಾನೆ. ಪ್ರತಿಯೊಬ್ಬ ಕೆಡೆಟ್ಟೂ ತನ್ನ ಹೆಜ್ಜೆಯನ್ನು ಎರಡು ನೆಲಗಳಲ್ಲಿಯೂ, ಹಗಲು ರಾತ್ರಿಗಳೆರಡರಲ್ಲಿಯೂ, ಅಳೆದಿಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ.

ಭಾಲ್ಕಿ ಔರಾದಗಳ ನಡುವೆ ಮಾಂಜ್ರಾ ನದಿಯು ಅಡ್ಡ ಹರಿಯುತ್ತದೆ. ನೇರ ಗೆರೆಯು ಸೇತುವೆಯನ್ನು ಕಾದುಕೊಂಡಿರುವುದಿಲ್ಲವಷ್ಟೆ. ಆಗ 90 ಡಿಗ್ರಿ ತಿರುಗಿ, ಹೆಜ್ಜೆಯೆಣಿಸುತ್ತ ದಾಟುವ ಸ್ಥಳದವರೆಗೆ ಹೋಗಿ, ಹೊಳೆಯನ್ನು ದಾಟಿ, ಅಷ್ಟೇ ಹೆಜ್ಜೆಗಳನ್ನು ಎದುರು ದಿಕ್ಕಿನಲ್ಲಿ ಹಿಂದಿರುಗಿದರೆ ಮೊದಲಿನ ಗೆರೆ ಮತ್ತೆ ಸಿಕ್ಕುತ್ತದೆ. ಹೈಸ್ಕೂಲಿನ ಆಯತವೇ ಇದು, ಬೇರೇನಲ್ಲ.

ನೆಲದ ಏರಿಳಿತದ ಪಾಠವು ಇನ್ನೂ ಸೂಕ್ಷ್ಮ. 1:50,000 ಪ್ರಮಾಣದ ಸರ್ವೇ ಭೂಪಟದಲ್ಲಿ 2 ಸೆಂಟಿಮೀಟರು ಒಂದು ಕಿಲೋಮೀಟರಿಗೆ ಸಮ. ಸಮೋನ್ನತ ರೇಖೆಗಳ ನಡುವಣ ಎತ್ತರದ ಅಂತರ 20 ಮೀಟರು. ತೊಗರಿ ಸೋಯಾ ಹೊಲಗಳ ಬಯಲು ಪಟದಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಆದರೆ 10 ಮೀಟರು ಆಳದ ತಗ್ಗೊಂದು ಎರಡು ರೇಖೆಗಳ ನಡುವೆ ಅಡಗಿಹೋಗಬಹುದು. ಆ ತಗ್ಗಿನಲ್ಲಿ ಒಂದು ಪ್ಲಟೂನೇ ಎದುರಾಳಿಯ ಕಣ್ಣಿಗೆ ಬೀಳದೆ ಕುಳಿತಿರಬಹುದು. ಪಟವನ್ನು ಓದಿದರಷ್ಟೇ ಸಾಲದು, ನೆಲವನ್ನೂ ಓದಬೇಕು.

ಗುರಿ ಹೊಡೆಯುವ ಶಿಕ್ಷಣದಲ್ಲಿಯೂ ಇದೇ ಕೋನದ ಲೆಕ್ಕ. ಕೆಡೆಟ್ಟುಗಳು ಮೊದಲು ಹಿಡಿಯುವುದು .22 ರೈಫಲು. ನಳಿಗೆಯ ಹಿಂದಣ ಕಂಡಿಗೂ ತುದಿಯ ಮೊನೆಗೂ ಅರ್ಧ ಮೀಟರು ಅಂತರವಿದ್ದು, ಮೊನೆಯು ಒಂದು ಮಿಲಿಮೀಟರು ಸರಿದರೆ, 25 ಮೀಟರು ದೂರದ ಫಲಕದಲ್ಲಿ ಗುಂಡು 5 ಸೆಂಟಿಮೀಟರು ಸರಿಯುತ್ತದೆ. ಉಸಿರಾಟಕ್ಕೆ ಎದೆಯು ಏರಿಳಿಯುವುದೇ ಇಷ್ಟನ್ನು ಮಾಡಲು ಸಾಕು. ಆದಕಾರಣ ಕುದುರೆಯನ್ನು ಎಳೆಯುವಾಗ ಉಸಿರು ಹಿಡಿಯಬೇಕೆಂಬ ನಿಯಮ.

ಸೌಕರ್ಯಗಳ ಮಾತಿಗೆ ಬರೋಣ. ಗುಂಡು ಹಾರಿಸಲು ಸುರಕ್ಷಿತವಾದ ಮಣ್ಣಿನ ದಿಬ್ಬವೂ ನಿರ್ಜನ ಬಯಲೂ ಬೇಕು. ಅದು ಪ್ರತಿಯೊಂದು ತಾಲ್ಲೂಕಿಗೂ ಸಾಧ್ಯವಿಲ್ಲ. ಭೂಪಟವಾಚನಕ್ಕಾದರೋ ಊರ ಹೊರಗಿನ ನೆಲವೇ ಶಾಲೆ. ಪಥಸಂಚಲನವು ನೋಡುವವರ ಕಣ್ಣನ್ನು ತುಂಬುತ್ತದೆ, ದಿಕ್ಸೂಚಿಯ ಪಾಠಕ್ಕೆ ಚಪ್ಪಾಳೆ ಬೀಳುವುದಿಲ್ಲ. ಆದರೂ ತೂಗಿ ನೋಡಿದರೆ ಎರಡನೆಯದಕ್ಕೇ ಹೆಚ್ಚು ಹೊತ್ತು ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಮೊಬೈಲಿನಲ್ಲಿ ಉಪಗ್ರಹವೇ ದಾರಿ ತೋರುವಾಗ ಇದೇಕೆ ಎಂದು ನೀವು ಕೇಳಬಹುದು. ಉಪಗ್ರಹದಿಂದ ಬರುವ ಸಂಕೇತ ಬಹಳ ದುರ್ಬಲ. ಯುದ್ಧಕಾಲದಲ್ಲಿ ಅದನ್ನು ಬೇರೆ ರೇಡಿಯೋ ಅಲೆಗಳಿಂದ ಮುಳುಗಿಸಿಬಿಡುವುದು ಕಷ್ಟವಲ್ಲ.

ಮೂರು ವರ್ಷಗಳ ಶಿಕ್ಷಣವನ್ನು ಪೂರೈಸಿ 'ಸಿ' ಸರ್ಟಿಫಿಕೇಟನ್ನು ಪಡೆದ ಪದವೀಧರರಿಗೆ, ಬೇಕಾದ ಅಂಕಗಳಿದ್ದಲ್ಲಿ, ಸೈನ್ಯಾಧಿಕಾರಿಯ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಲಿಯ ಮುಂದೆ ಹೋಗುವ ವಿಶೇಷ ದಾರಿಯೊಂದಿದೆ. ಔರಾದದ ವಿದ್ಯಾರ್ಥಿಗೂ ಅದು ತೆರೆದೇ ಇದೆ. ಅವನ ತಲೆಯ ಮೇಲೆ, ಬೀದರದ ವಾಯುನೆಲೆಯಿಂದ ಎದ್ದ ಹಾಕ್ ವಿಮಾನಗಳಲ್ಲಿ ಯುದ್ಧವೈಮಾನಿಕರಾಗಲಿರುವ ತರುಣರು ತರಬೇತಿ ಪಡೆಯುತ್ತಿರುತ್ತಾರೆ. ಗಂಟೆಗೆ 800 ಕಿಲೋಮೀಟರು ವೇಗದಲ್ಲಿ ಹಾರುವವನಿಗೆ ಬೀದರದಿಂದ ಔರಾದ ಮೂರು ನಿಮಿಷದ ದಾರಿ. ಒಂದು ಡಿಗ್ರಿ ತಪ್ಪಿದರೆ ಅವನೂ ಸರಿಯುವುದು ಸುಮಾರು 700 ಮೀಟರು.