ಸಂಜೆ ಆರರ ನಂತರದ ವಿದ್ಯುತ್ತು

ಕರ್ನಾಟಕದಲ್ಲಿ ವಿದ್ಯುತ್ತಿನ ಕುರಿತ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಮೆಗಾವಾಟ್‌ಗಳ ಲೆಕ್ಕದಲ್ಲಿಯೇ ನಡೆಯುತ್ತದೆ. ಯಾವ ಸ್ಥಾವರ ಎಷ್ಟು ದೊಡ್ಡದು, ಅದಕ್ಕೆ ಯಾವ ಇಂಧನ, ಅದು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದರಲ್ಲಿಯೇ ವಾದ ಮುಗಿದುಹೋಗುತ್ತದೆ. ಆ ವಿದ್ಯುತ್ತು ದಿನದ ಯಾವ ಹೊತ್ತಿನಲ್ಲಿ ಬೇಕು ಎಂಬ ಪ್ರಶ್ನೆ ಎಂಜಿನಿಯರುಗಳ ಕೊಠಡಿ ದಾಟಿ ಹೊರಗೆ ಬರುವುದು ಕಡಿಮೆ. ಆದರೆ ಯಲಹಂಕದ ಅನಿಲ ಸ್ಥಾವರದ ವಿವಾದದಿಂದ ಶರಾವತಿ ಕಣಿವೆಯ ಹೋರಾಟದವರೆಗೆ, ಈಚಿನ ವರ್ಷಗಳಲ್ಲಿ ರಾಜ್ಯ ಕಂಡ ಪರಿಸರದ ತಕರಾರುಗಳಲ್ಲಿ ಮುಖ್ಯವಾದ ಕೆಲವು ಹುಟ್ಟಿದ್ದು ಈ ಹೊತ್ತಿನ ಪ್ರಶ್ನೆಯಿಂದಲೇ ಎಂಬುದನ್ನು ಗಮನಿಸಿದರೆ, ಚರ್ಚೆ ಎಲ್ಲಿ ಅರ್ಧಕ್ಕೆ ನಿಲ್ಲುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಉತ್ತರದ ಅಂಚಿನ ಅಬ್ಬಿಗೆರೆಯನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಹಿಂದೆ ಗ್ರಾಮವಾಗಿದ್ದ ಈ ಪ್ರದೇಶದಲ್ಲಿ ಈಗ ಸಣ್ಣ ಕೈಗಾರಿಕೆಗಳ ಶೆಡ್ಡುಗಳು, ಬಾಡಿಗೆ ಮನೆಗಳು ಮತ್ತು ಅಪಾರ್ಟ್‌ಮೆಂಟುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿವೆ. ಹಗಲಿನಲ್ಲಿ ಶೆಡ್ಡುಗಳ ಯಂತ್ರಗಳು ಎಳೆಯುವ ವಿದ್ಯುತ್ತಿನ ಹೊರೆ ಸಂಜೆಯಾಗುತ್ತಿದ್ದಂತೆ ಮನೆಗಳ ದೀಪ, ಫ್ಯಾನು, ಟಿ.ವಿ., ಇಂಡಕ್ಷನ್ ಒಲೆಗಳಿಗೆ ವರ್ಗವಾಗುತ್ತದೆ. ಬೆಸ್ಕಾಂ ಪತ್ರಿಕೆಗಳಿಗೆ ಕೊಡುವ ‘ವಿದ್ಯುತ್ ವ್ಯತ್ಯಯ’ದ ಪ್ರಕಟಣೆಗಳಲ್ಲಿ ಕಾಣಿಸಿಕೊಳ್ಳುವ 66/11 ಕೆ.ವಿ. ಅಬ್ಬಿಗೆರೆ ಉಪಕೇಂದ್ರವು 66,000 ವೋಲ್ಟ್‌ನಲ್ಲಿ ಬಂದ ವಿದ್ಯುತ್ತನ್ನು 11,000 ವೋಲ್ಟ್‌ಗೆ ಇಳಿಸಿ ಬೀದಿಬೀದಿಯ ಟ್ರಾನ್ಸ್‌ಫಾರ್ಮರುಗಳಿಗೆ ಕಳಿಸುತ್ತದೆ. ಅಲ್ಲಿಗೆ ಬಂದದ್ದು ರಾಯಚೂರಿನ ಕಲ್ಲಿದ್ದಲಿನದ್ದೋ, ಕೈಗಾದ ಅಣುಶಕ್ತಿಯದ್ದೋ, ಪಾವಗಡದ ಬಿಸಿಲಿನದ್ದೋ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಎಲ್ಲವೂ ಒಂದೇ ಜಾಲದಲ್ಲಿ ಬೆರೆತಿರುತ್ತದೆ. ಹಾಗಾಗಿ ಬಳಕೆದಾರನ ಪಾಲಿಗೆ ವಿದ್ಯುತ್ತಿಗೆ ಊರಿಲ್ಲ, ಆದರೆ ಅದನ್ನು ಉತ್ಪಾದಿಸುವ ಪ್ರತಿ ಸ್ಥಾವರವೂ ಯಾವುದೋ ಊರಿನ ನೆಲ, ನೀರು, ಗಾಳಿಯನ್ನು ಬಳಸಿಕೊಂಡೇ ನಡೆಯುತ್ತದೆ.

ಈ ಅಂತರ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆ ಆರಂಭವಾದಾಗ ವಿದ್ಯುತ್ತು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದೂ ಅದೇ ಕಾವೇರಿಯ ಬಲದಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ತಡೆದು ನಿಲ್ಲಿಸಿದಾಗ ಮುಳುಗಿದ್ದು ಮಲೆನಾಡಿನ ಹಳ್ಳಿಗಳು, ಬೆಳಗಿದ್ದು ಬಯಲುಸೀಮೆಯ ನಗರಗಳು. ಮುಂದೆ ಬೇಡ್ತಿ ಜಲವಿದ್ಯುತ್ ಯೋಜನೆ ಉತ್ತರ ಕನ್ನಡದ ಜನರ ವಿರೋಧದಿಂದ ನಿಂತಿತು. ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಸ್ಪರ್ಧಿಸಿ ಸೋತರು, ಸ್ಥಾವರ ಬಂದಿತು. ಈ ಹೋರಾಟಗಳೆಲ್ಲ ನಡೆದದ್ದು ಉತ್ಪಾದನೆಯ ಊರುಗಳಲ್ಲಿ. ಹೆಚ್ಚು ವಿದ್ಯುತ್ತು ಬಳಸುವ ರಾಜಧಾನಿಗೆ ಅವು ಬಹುಪಾಲು ದೂರದ ಸುದ್ದಿಯಾಗಿಯೇ ತಲುಪಿದವು.

ನಗರದೊಳಗಿನ ಸ್ಥಾವರ

ಯಲಹಂಕ ಈ ಮಾತಿಗೆ ಅಪವಾದ. ವಿದ್ಯುತ್ ಅಭಾವದ 1990ರ ದಶಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಇಲ್ಲಿ ಡೀಸೆಲ್ ಎಂಜಿನುಗಳ ಸ್ಥಾವರವೊಂದನ್ನು ನಡೆಸಿತು. ದುಬಾರಿಯೂ ಹೊಗೆಯದೂ ಆಗಿದ್ದ ಆ ಸ್ಥಾವರದ ಕಾಲ ಮುಗಿದ ಮೇಲೆ, ಅಲ್ಲಿಯೇ ಸುಮಾರು 370 ಮೆಗಾವಾಟ್ ಸಾಮರ್ಥ್ಯದ ಅನಿಲ ಸ್ಥಾವರವನ್ನು ನಿರ್ಮಿಸಲಾಯಿತು. 2020ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಹಂತದಲ್ಲಿದ್ದಾಗ ಬೆಂಕಿ ಅವಘಡ ಸಂಭವಿಸಿ ಹಲವರು ಗಾಯಗೊಂಡರು. ನಿಗಮದ ಈ ಮೊದಲ ಅನಿಲ ಸ್ಥಾವರ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 24ರಂದು.

ಇದು ‘ಸಂಯುಕ್ತ ಆವರ್ತ’ ಎಂಬ ತಂತ್ರದಿಂದ ಕೆಲಸ ಮಾಡುತ್ತದೆ. ನೈಸರ್ಗಿಕ ಅನಿಲವನ್ನು ಉರಿಸಿ ಒಂದು ಟರ್ಬೈನನ್ನು ತಿರುಗಿಸಿದ ಮೇಲೆ ಹೊರಬೀಳುವ ಬಿಸಿಗಾಳಿಯನ್ನು ಸುಮ್ಮನೆ ಬಿಡದೆ, ಅದರಿಂದ ನೀರನ್ನು ಹಬೆಯಾಗಿಸಿ ಎರಡನೆಯ ಟರ್ಬೈನನ್ನೂ ತಿರುಗಿಸಲಾಗುತ್ತದೆ. ಹೀಗಾಗಿ ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿದ್ಯುತ್ತಾಗುತ್ತದೆ. ಸಾಮಾನ್ಯ ಕಲ್ಲಿದ್ದಲು ಸ್ಥಾವರದಲ್ಲಿ ಈ ಪಾಲು ಮೂರನೆಯ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕೂಡ ಪ್ರತಿ ಯೂನಿಟ್ಟಿಗೆ ಕಲ್ಲಿದ್ದಲಿನ ಅರ್ಧಕ್ಕಿಂತ ಕಡಿಮೆ. ಹಾರುಬೂದಿಯ ಪ್ರಶ್ನೆಯಂತೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೂರ್ಯ ಮುಳುಗಿದ ಮೇಲೆ ಬೇಕೆಂದಾಗ ಇಂತಹ ಸ್ಥಾವರದ ಉತ್ಪಾದನೆಯನ್ನು ಕಲ್ಲಿದ್ದಲಿನದಕ್ಕಿಂತ ಬೇಗ ಏರಿಸಬಹುದು. ಸಮರ್ಥಕರ ವಾದ ನಿಂತಿರುವುದು ಈ ಗುಣದ ಮೇಲೆ.

ಆಕ್ಷೇಪಗಳೂ ಹಗುರವಲ್ಲ. ಸ್ಥಾವರದ ಯೋಜನೆ ರೂಪುಗೊಳ್ಳುವ ಹೊತ್ತಿಗೆ ಸುತ್ತಲಿನ ಬಯಲು ಅಪಾರ್ಟ್‌ಮೆಂಟುಗಳಿಂದ ತುಂಬತೊಡಗಿತ್ತು. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಪುಟ್ಟೇನಹಳ್ಳಿ ಕೆರೆಯೂ ಸಮೀಪದಲ್ಲಿಯೇ ಇದೆ. ಶಬ್ದ, ಸುರಕ್ಷತೆ ಮತ್ತು ಅನಿಲ ಉರಿದಾಗ ಉಂಟಾಗುವ ಸಾರಜನಕದ ಆಕ್ಸೈಡುಗಳ ಕುರಿತು ನಿವಾಸಿಗಳು ಎತ್ತಿದ ಪ್ರಶ್ನೆಗಳು ಸಹಜವಾದವು. ಹವಾಮಾನದ ದೃಷ್ಟಿಯಿಂದ ನೋಡಿದರೆ ಇನ್ನೊಂದು ತೊಡಕಿದೆ: ನೈಸರ್ಗಿಕ ಅನಿಲವೆಂದರೆ ಬಹುಪಾಲು ಮೀಥೇನ್, ಅದು ಉರಿಯದೆ ಸೋರಿದರೆ ಇಪ್ಪತ್ತು ವರ್ಷಗಳ ಅವಧಿಯ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಬಾವಿಯಿಂದ ಹಡಗಿಗೆ, ಹಡಗಿನಿಂದ ಕೊಳವೆಗೆ ಸಾಗುವ ದಾರಿಯಲ್ಲಿ ಎಷ್ಟು ಸೋರುತ್ತದೆ ಎಂಬುದರ ಮೇಲೆಯೇ ಅನಿಲ ‘ಶುದ್ಧ ಇಂಧನ’ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗಬೇಕು. ಬೆಲೆಯ ಅನಿಶ್ಚಿತತೆ ಇದರ ಜೊತೆಗಿದೆ. ದಾಭೋಲ್–ಬೆಂಗಳೂರು ಕೊಳವೆಮಾರ್ಗ 2013ರಲ್ಲಿಯೇ ನಗರವನ್ನು ತಲುಪಿದ್ದರೂ, ದೇಶದೊಳಗಿನ ಅನಿಲ ಸಾಲದೆ ಆಮದಿನ ದ್ರವೀಕೃತ ಅನಿಲವನ್ನು ನೆಚ್ಚಬೇಕಾದಾಗ ದರ ಅಂತರರಾಷ್ಟ್ರೀಯ ಪೇಟೆಗೆ ಬಿಟ್ಟದ್ದು. 2022ರ ಉಕ್ರೇನ್ ಯುದ್ಧದ ಹೊತ್ತಿನ ಏರಿಕೆ ಅದನ್ನು ಎಲ್ಲರಿಗೂ ಮನದಟ್ಟು ಮಾಡಿತು. ದೇಶದ ಅನಿಲ ಸ್ಥಾವರಗಳಲ್ಲಿ ಬಹುಪಾಲು ವರ್ಷದ ಹೆಚ್ಚಿನ ದಿನ ಸುಮ್ಮನಿರುವುದು ಇದೇ ಕಾರಣದಿಂದ.

ನೀರಿನ ಪ್ರಶ್ನೆ ಇವುಗಳಿಗಿಂತ ಸೂಕ್ಷ್ಮವಾದದ್ದು. ಹಬೆಗೂ ತಂಪುಗೊಳಿಸುವುದಕ್ಕೂ ಬೇಕಾದ ನೀರನ್ನು ಕಾವೇರಿಯಿಂದ ತರುವ ಬದಲು, ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸುವ ಯೋಜನೆ ರೂಪಿಸಲಾಯಿತು. ಮೇಲ್ನೋಟಕ್ಕೆ ಇದು ಮೆಚ್ಚತಕ್ಕ ಏರ್ಪಾಡು. ಆದರೆ ಜಕ್ಕೂರು ಕೆರೆ ಬೇಸಿಗೆಯಲ್ಲಿಯೂ ತುಂಬಿರುವುದು ಆ ನೀರಿನಿಂದಲೇ: ಶುದ್ಧೀಕರಣ ಘಟಕದಿಂದ ಹೊರಟ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು, ಉಳಿದ ಪೋಷಕಾಂಶಗಳನ್ನು ಅಲ್ಲಿ ಕಳೆದುಕೊಂಡು ಕೆರೆ ಸೇರುತ್ತದೆ, ಅಲ್ಲಿಂದ ಇಂಗಿ ಸುತ್ತಲಿನ ಬಾವಿಗಳಿಗೆ ಒದಗುತ್ತದೆ. ಆ ನೀರು ಸ್ಥಾವರಕ್ಕೆ ಹೋದರೆ ಕೆರೆಗೆ ಉಳಿಯುವುದೆಷ್ಟು ಎಂದು ಕೆರೆಯ ಹಿತಚಿಂತಕರು ಕೇಳಿದರು. ಒಂದು ಇಲಾಖೆಯ ಕಡತದಲ್ಲಿ ‘ತ್ಯಾಜ್ಯ’ವಾಗಿರುವ ನೀರು ಇನ್ನೊಂದು ಜೀವವ್ಯವಸ್ಥೆಯ ಆಧಾರವಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ

ಇಷ್ಟೆಲ್ಲ ತೊಡಕಿದ್ದರೆ ಬಿಸಿಲು, ಗಾಳಿಯ ವಿದ್ಯುತ್ತೇ ಸಾಲದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುತ್ತದೆ. ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೌರ ಪಾರ್ಕ್, ಜಮೀನನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದ ಮಾದರಿಗಾಗಿಯೂ ಹೆಸರಾಗಿದೆ. ಜಮೀನಿದ್ದವರಿಗೆ ವರ್ಷವರ್ಷ ಗುತ್ತಿಗೆ ಹಣ ಬರುವಾಗ ಕೂಲಿಯನ್ನೇ ನಂಬಿದ್ದ ಭೂರಹಿತರಿಗೆ ಕೆಲಸ ತಪ್ಪಿತು ಎಂಬ ಟೀಕೆಯೂ ಅದಕ್ಕೆ ಅಂಟಿಕೊಂಡಿದೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತ 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ, ಅಂದರೆ ಹೊರಬಿಟ್ಟಷ್ಟು ಹಸಿರುಮನೆ ಅನಿಲವನ್ನು ಹೀರಿಕೊಳ್ಳುವ ಸ್ಥಿತಿ ತಲುಪುವ ಗುರಿಯನ್ನು ಘೋಷಿಸಿತು. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಯಿತು.

ಇಲ್ಲಿಯೇ ಎರಡು ಪರಿಭಾಷೆಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ‘ಸ್ಥಾಪಿತ ಸಾಮರ್ಥ್ಯ’ವೆಂದರೆ ಎಲ್ಲವೂ ಅನುಕೂಲವಾಗಿದ್ದಾಗ ಸ್ಥಾವರ ಕೊಡಬಲ್ಲ ಗರಿಷ್ಠ, ‘ಉತ್ಪಾದನೆ’ಯೆಂದರೆ ವರ್ಷದ ಕೊನೆಗೆ ಅದು ನಿಜವಾಗಿ ಕೊಟ್ಟ ಯೂನಿಟ್ಟುಗಳು. ಸೌರ ಸ್ಥಾವರ ರಾತ್ರಿ ಏನನ್ನೂ ಕೊಡದಿರುವುದರಿಂದ ವರ್ಷದ ಸರಾಸರಿಯಲ್ಲಿ ಅದರ ಕೊಡುಗೆ ಗರಿಷ್ಠದ ನಾಲ್ಕನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಸಾಮರ್ಥ್ಯದಲ್ಲಿ ಪಾಲು ಕುಗ್ಗಿದ್ದರೂ ಕಲ್ಲಿದ್ದಲು ದೇಶದ ಉತ್ಪಾದನೆಯ ಪಟ್ಟಿಯಲ್ಲಿ ಈಗಲೂ ಮೊದಲನೆಯದು. ಕರ್ನಾಟಕದ ಬೇಡಿಕೆ 2025ರ ಬೇಸಿಗೆಯಲ್ಲಿ 18,000 ಮೆಗಾವಾಟ್ ಮೀರಿತಾದರೂ, ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲಿ ವಿದ್ಯುತ್ತು ಕೊಡುವ ಪದ್ಧತಿ ಹೆಚ್ಚಿದ್ದರಿಂದ ಹಗಲಿನ ಏರಿಕೆಯನ್ನು ಬಿಸಿಲೇ ದೊಡ್ಡ ಮಟ್ಟಿಗೆ ತುಂಬಿಕೊಟ್ಟಿತು. ಬೇಡಿಕೆಯ ದೊಡ್ಡ ಅಂಕಿ ಹಗಲಿನದ್ದಾದರೂ ಕಷ್ಟದ ಹೊತ್ತು ಸಂಜೆಯದು: ಸೌರ ಉತ್ಪಾದನೆ ಒಂದೆರಡು ಗಂಟೆಯಲ್ಲಿ ಸೊನ್ನೆಗಿಳಿಯುವಾಗ ಮನೆಗಳ ಬಳಕೆ ಏರುತ್ತಿರುತ್ತದೆ, ಆ ಕಂದರವನ್ನು ಬೇರೆ ಯಾವುದೋ ಮೂಲ ತುಂಬಲೇಬೇಕು.

ಕಣಿವೆಗೆ ಹೊರಳುವ ಭಾರ

ಸಂಜೆಯನ್ನು ತುಂಬುವ ದಾರಿಗಳು ಕೆಲವೇ: ಕಲ್ಲಿದ್ದಲು, ಅನಿಲ, ಜಲಾಶಯ, ಬ್ಯಾಟರಿ, ಇಲ್ಲವೇ ಬೇಡಿಕೆಯನ್ನೇ ಸರಿಸುವುದು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಹುಟ್ಟಿರುವುದು ಈ ಪಟ್ಟಿಯಿಂದಲೇ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಅದನ್ನು ಕೆಳಗೆ ಹರಿಸಿ 2,000 ಮೆಗಾವಾಟ್‌ವರೆಗೆ ವಿದ್ಯುತ್ತು ಪಡೆಯುವುದು ಇದರ ತಂತ್ರ. ಇದು ವಿದ್ಯುತ್ತನ್ನು ಹುಟ್ಟಿಸುವ ಯೋಜನೆಯಲ್ಲ, ಕೂಡಿಡುವ ಯೋಜನೆ. ನೀರೆತ್ತಲು ಹೂಡಿದ ವಿದ್ಯುತ್ತಿನಲ್ಲಿ ಸುಮಾರು ಐದನೆಯ ಒಂದು ಭಾಗ ಈ ವ್ಯವಹಾರದಲ್ಲಿಯೇ ಕಳೆದುಹೋಗುತ್ತದೆ. ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲವೆಂಬುದು ಸರ್ಕಾರದ ವಾದ. ಸುರಂಗ, ರಸ್ತೆ, ಭೂಗತ ವಿದ್ಯುದಾಗಾರಗಳು ಬರಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ, ಭೂಕುಸಿತದ ಭಯವಿರುವ ಕಡಿದಾದ ಇಳಿಜಾರಿನಲ್ಲಿ ಎಂಬುದು ವಿರೋಧಿಗಳ ವಾದ. 2025ರ ಸೆಪ್ಟೆಂಬರ್‌ನಲ್ಲಿ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಮತ್ತು ಸಾಗರ ತಾಲ್ಲೂಕಿನ ಕಾರ್ಗಲ್‌ನಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಪ್ರಬಲವಾಗಿ ಕೇಳಿಬಂದದ್ದು ವಿರೋಧದ ದನಿಯೇ.

ಯಲಹಂಕದ ನಿವಾಸಿಯೂ ಗೇರುಸೊಪ್ಪೆಯ ಕೃಷಿಕರೂ ಇಲ್ಲಿ ಎದುರುಬದುರಾಗಿರುವುದು ಇಬ್ಬರ ಗಮನಕ್ಕೂ ಬಂದಂತಿಲ್ಲ. ಯಲಹಂಕದ ಅನಿಲ ಸ್ಥಾವರ ಸಂಜೆ ನಡೆಯದಿದ್ದರೆ ಆ ಹೊತ್ತಿನ ಭಾರ ರಾಯಚೂರು, ಬಳ್ಳಾರಿಗಳ ಬೂದಿಗೋ ಶರಾವತಿಯ ಕಣಿವೆಗೋ ಬೀಳುತ್ತದೆ. ಕಣಿವೆಯ ಯೋಜನೆ ಬೇಡವಾದರೆ ಅನಿಲದ, ಇಲ್ಲವೇ ಬ್ಯಾಟರಿಯ ಬೇಡಿಕೆ ಹೆಚ್ಚುತ್ತದೆ. ಉತ್ತರ ಬೆಂಗಳೂರಿನ ನಾಗರಿಕರಿಗೆ ಹೋರಾಟದ ಅನುಭವವಿಲ್ಲವೆಂದಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 812 ಮರಗಳನ್ನು ಕಡಿದು ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಯನ್ನು 2016ರ ಅಕ್ಟೋಬರ್‌ನ ಮಾನವ ಸರಪಳಿಯಿಂದ ಮೊದಲ್ಗೊಂಡ ಪ್ರತಿಭಟನೆಗಳು 2017ರಲ್ಲಿ ಕೈಬಿಡುವಂತೆ ಮಾಡಿದವು. ಆದರೆ ಆ ಮರಗಳು ನಿತ್ಯ ಓಡಾಡುವ ದಾರಿಯಲ್ಲಿದ್ದವು. ಸಂಜೆಯ ವಿದ್ಯುತ್ತಿಗಾಗಿ ಕಡಿಯಬೇಕಾದ ಮರಗಳು ನಾನ್ನೂರು ಕಿಲೋಮೀಟರ್‌ನಷ್ಟು ದೂರದಲ್ಲಿವೆ.

ಬೇಡಿಕೆಯನ್ನು ಸರಿಸುವ ದಾರಿ

ಪಟ್ಟಿಯ ಕೊನೆಯ ದಾರಿ ಮಾತ್ರ ಯಾವ ಕಣಿವೆಯನ್ನೂ ಕೇಳದು. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮಗಳು ಹೊತ್ತಿಗೆ ತಕ್ಕ ದರದ ಪದ್ಧತಿಯನ್ನು ಮುಂದಿಟ್ಟಿವೆ: ಬಿಸಿಲಿನ ಹೊತ್ತಿನಲ್ಲಿ ಸಾಮಾನ್ಯಕ್ಕಿಂತ ಕಡಿಮೆ, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಹೆಚ್ಚು. ಅಬ್ಬಿಗೆರೆ, ಪೀಣ್ಯದಂತಹ ಕಡೆಯ ಕೈಗಾರಿಕೆಗಳಿಗೆ ಇದು ನೇರವಾಗಿ ಅನ್ವಯಿಸುವ ಸಂಗತಿ. ಹೆಚ್ಚು ವಿದ್ಯುತ್ತು ಬೇಡುವ ಕೆಲಸವನ್ನು ಸಂಜೆಯ ಪಾಳಿಯಿಂದ ಮಧ್ಯಾಹ್ನಕ್ಕೆ ಸರಿಸಿದ ಶೆಡ್ಡು, ಬ್ಯಾಟರಿಯೊಂದು ಮಾಡುವ ಕೆಲಸವನ್ನೇ ಮಾಡಿದಂತಾಗುತ್ತದೆ. ಮನೆಗಳ ಮಟ್ಟದಲ್ಲಿ ಪರಿಸ್ಥಿತಿ ಜಟಿಲವಾಗಿದೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ವರ್ಷದ ಸರಾಸರಿಗೆ ಶೇ 10ರಷ್ಟು ಸೇರಿಸಿದ ಮಿತಿಯೊಳಗೆ, ಬಿಲ್ಲನ್ನು ಸೊನ್ನೆ ಮಾಡಿತು. ಬಾಡಿಗೆ ಮನೆಗಳಲ್ಲಿ ಬದುಕುವ ಕಾರ್ಮಿಕ ಕುಟುಂಬಗಳಿಗೆ ಇದು ನಿಜವಾದ ನೆರವು. ಅದೇ ಸಮಯಕ್ಕೆ, ದರವೇ ಇಲ್ಲದಲ್ಲಿ ಹೊತ್ತಿನ ದರಕ್ಕೆ ಅರ್ಥ ಉಳಿಯುವುದಿಲ್ಲ, ತಾರಸಿಯ ಮೇಲೆ ಸೌರಫಲಕ ಹಾಕಿಸಿಕೊಳ್ಳುವ ಉತ್ಸಾಹವೂ ತಗ್ಗುತ್ತದೆ. 2024ರ ಪಿ.ಎಂ. ಸೂರ್ಯಘರ್ ಯೋಜನೆಯ ಗರಿಷ್ಠ 78,000 ರೂಪಾಯಿಗಳ ಸಹಾಯಧನವೂ ತಾರಸಿಯ ಒಡೆಯನಿಗೆ ಸಿಗುವಂಥದ್ದೇ ಹೊರತು ಬಾಡಿಗೆದಾರನಿಗಲ್ಲ. ಎರಡೂ ಯೋಜನೆಗಳ ಗುರಿ ಒಳ್ಳೆಯದೇ, ಆದರೆ ಅವುಗಳನ್ನು ಒಟ್ಟಿಗೆ ಇಟ್ಟು ಯೋಚಿಸಿದ ಕುರುಹು ಕಡಿಮೆ.

ಎರಡು ಸಭೆಗಳ ನಡುವೆ

ಯೋಚನೆ ಹೀಗೆ ತುಂಡಾಗಿರುವುದಕ್ಕೆ ವ್ಯವಸ್ಥೆಯಲ್ಲಿಯೇ ಕಾರಣವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ನಡೆಯುವುದು ಯೋಜನೆ ಬರುವ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ. ಅಲ್ಲಿ ಕಾಡು, ನದಿ, ಬದುಕಿನ ಮಾತು ಬರುತ್ತದೆ, ಆ ವಿದ್ಯುತ್ತು ಯಾರಿಗೆ, ಯಾವ ಹೊತ್ತಿಗೆ, ಬೇರೆ ದಾರಿಗೆ ಎಷ್ಟು ಖರ್ಚು ಎಂಬುದಕ್ಕೆ ಉತ್ತರಿಸುವವರು ಸಿಗುವುದು ವಿರಳ. ಇತ್ತ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗಾಗಿ ನಡೆಸುವ ವಿಚಾರಣೆಗಳಲ್ಲಿ ಗ್ರಾಹಕರೂ ಕೈಗಾರಿಕಾ ಸಂಘಗಳೂ ಪೈಸೆ ಪೈಸೆಗೆ ವಾದಿಸುತ್ತಾರೆ, ಆದರೆ ಆ ಪೈಸೆಗಳ ಹಿಂದಿರುವ ಕಣಿವೆ ಅಲ್ಲಿನ ಕಡತಕ್ಕೆ ಬರುವುದಿಲ್ಲ. ಒಂದು ಸಭೆಯಲ್ಲಿ ಬೆಲೆ ತೆರುವವರು, ಇನ್ನೊಂದರಲ್ಲಿ ಬಿಲ್ಲು ಕಟ್ಟುವವರು. ಇಬ್ಬರೂ ಒಂದೆಡೆ ಕೂರುವ ಸಭೆಯನ್ನು ಕಾನೂನು ಕಲ್ಪಿಸಿಲ್ಲ.

ಸಂಜೆಯ ವಿದ್ಯುತ್ತಿಗಾಗಿ ರೂಪಿಸುವ ಯಾವುದೇ ದೊಡ್ಡ ಯೋಜನೆಯ ಅಹವಾಲನ್ನು ಅದು ಬರುವ ಜಿಲ್ಲೆಯ ಜೊತೆಗೆ ಬಳಕೆಯ ಜಿಲ್ಲೆಯಲ್ಲಿಯೂ ನಡೆಸುವುದು, ಅನಿಲ, ಪಂಪ್ಡ್ ಸ್ಟೋರೇಜ್, ಬ್ಯಾಟರಿ, ಬೇಡಿಕೆ ಸರಿಸುವಿಕೆಗಳ ಖರ್ಚನ್ನೂ ಹಾನಿಯನ್ನೂ ಒಂದೇ ಕೋಷ್ಟಕದಲ್ಲಿ ಕನ್ನಡದಲ್ಲಿ ಪ್ರಕಟಿಸುವುದು, ದರ ವಿಚಾರಣೆಯಲ್ಲಿ ಆ ಕೋಷ್ಟಕವನ್ನು ಕಡ್ಡಾಯ ದಾಖಲೆಯಾಗಿಸುವುದು ಅಸಾಧ್ಯವಾದ ಸುಧಾರಣೆಗಳೇನಲ್ಲ. ಹಾಗೆ ಮಾಡಿದ ಮೇಲೂ ಭಿನ್ನಾಭಿಪ್ರಾಯ ಉಳಿಯುತ್ತದೆ, ಉಳಿಯಲೂಬೇಕು. ಆದರೆ ಯಲಹಂಕದ ಚಿಮಣಿ ಬೇಡವೆನ್ನುವವರು ಅದರ ಬದಲಿಗೆ ಯಾವುದನ್ನು ಒಪ್ಪುತ್ತಾರೆಂದು ಹೇಳಬೇಕಾಗುತ್ತದೆ, ಶರಾವತಿಯೇ ಅನಿವಾರ್ಯವೆನ್ನುವ ಸರ್ಕಾರ ನಗರದ ಬೇಡಿಕೆಯನ್ನು ಸರಿಸಲು ಮೊದಲು ಏನು ಮಾಡಿತೆಂದು ಲೆಕ್ಕ ಒಪ್ಪಿಸಬೇಕಾಗುತ್ತದೆ.